ತೊನಲಿ ಬಂದಾಗ ದಾಟು

"ಎತ್ತಬೇಡಿ! ಕಾಲು ಎತ್ತಬೇಡಿ ಅಂದೆ. ಎಳೀರಿ."

ಎಳೆದೆ. ಎಡಗಾಲು ಹಿಂದಕ್ಕೆ ಜಾರಿತು. ಬಲಗಾಲು ಅದರ ಮಾತು ಕೇಳಲಿಲ್ಲ. ಗೋಡೆಯುದ್ದಕ್ಕೂ ಹಾಕಿದ್ದ ಮರದ ಕಂಬಿಗೆ ಜೋತುಬಿದ್ದು ಹೇಗೋ ಬಚಾವಾದೆ. ಕಂಬಿ ಕಿರ್ರೆಂದಿತು.

"ನಿಮ್ಮೆದುರಿಗೆ ಏನಿದೆ?" ಟೀಚರ್ ಕೇಳಿದರು.

"ಕುರ್ಚಿ."

"ಕುರ್ಚಿ ಅಂದ್ಕೊಂಡ್ರೆ ಇಡೀ ದಿನ ಹೀಗೇ ಬೀಳ್ತಿರ್ತೀರಿ. ಅಲ್ಲಿರೋದು ನೀವು ಬಿಟ್ಟು ಹೋಗ್ಬೇಕಾಗಿರೋರು. ಅವರಿಗೆ ಬೆನ್ನು ತೋರಿಸೋ ಹಾಗಿಲ್ಲ. ಅವರನ್ನ ನೋಡ್ತಾನೇ ಹಿಂದೆ ಹೋಗ್ಬೇಕು. ಬಾಗಿಲು ಎಲ್ಲಿದೆ ಅಂತ ಕಾಲಿಗೇ ಗೊತ್ತಾಗ್ಬೇಕು."

ಗೋಡೆಗೊರಗಿ ಕೂತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕೆಂದರು.

"ನಗಬೇಡ್ರೇ. ನೀವೂ ಮೊದಲ ದಿನ ಹೀಗೇ ಇದ್ರಿ."

"ನಾವು ಕಂಬಿ ಕಿತ್ಕೊಂಡು ಬರ್ಲಿಲ್ಲ, ಟೀಚರ್."

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುತ್ತಲೇ ನೆಲ ನೋಡಿದೆ. ನುಣುಪಾದ ಮರದ ಹಲಗೆಗಳ ಮೇಲೆ ತೆಳ್ಳನೆಯ ಬಿಳಿ ಪುಡಿ. ಟೀಚರ್ ತಗಡಿನ ಡಬ್ಬಿಯಿಂದ ಇನ್ನೊಂದು ಹಿಡಿ ತೆಗೆದು ಕೇರಂ ಬೋರ್ಡಿಗೆ ಉದುರಿಸುವ ಹಾಗೆ ಉದುರಿಸಿದರು. ಪಾದ ಎತ್ತದೆ ಜಾರಲಿ ಎಂದು. ನನ್ನ ಕಾಲುಚೀಲ, ಪ್ಯಾಂಟಿನ ಅಂಚು, ಎಲ್ಲ ಬೆಳ್ಳಗಾಗಿದ್ದವು. ಟೀಚರ್ ಹಾಕಿಕೊಂಡಿದ್ದ ಮೆತ್ತನೆಯ ಬಟ್ಟೆಯ ಬೂಟುಗಳಂತೂ ಹಿಟ್ಟಿನಲ್ಲಿ ಅದ್ದಿ ತೆಗೆದಂತಿದ್ದವು.

ಈ ಪುಡಿಯನ್ನು ನಾನು ಮೊದಲೇ ನೋಡಿದ್ದೆ. ನಿಘಂಟು ಕಚೇರಿಯ ಹಿಂಬದಿಯ ಮೆಟ್ಟಿಲಲ್ಲಿ, ಎಲ್ಲಕ್ಕಿಂತ ಮೇಲಿನದರ ಅಂಚಿನಲ್ಲಿ. ಆ ಮೆಟ್ಟಿಲುಗಳ ಬುಡದಲ್ಲೇ ಪ್ರಧಾನ ಸಂಪಾದಕರು ತಲೆ ಒಡೆದುಕೊಂಡು ಸತ್ತಿದ್ದರು. ಎಲ್ಲರೂ ಅವರನ್ನು ದೊಡ್ಡವರು ಎನ್ನುತ್ತಿದ್ದರು. ಅವರನ್ನು ತಳ್ಳಿದ ಆರೋಪದ ಮೇಲೆ ನನ್ನ ಭಾವ ಈಗ ಜೈಲಿನಲ್ಲಿದ್ದಾರೆ.

ಗೋಡೆಯ ಸುಣ್ಣ ಉದುರಿದೆ ಎಂದಿದ್ದರು ಪೊಲೀಸರು. ಮರುದಿನ ನಾನು ಮತ್ತೆ ಹೋಗುವಷ್ಟರಲ್ಲಿ ಯಾರೋ ಒದ್ದೆ ಬಟ್ಟೆ ಹಾಕಿ ಒರೆಸಿದ್ದರು.

"ಕೂತ್ಕೊಳ್ಳಿ ಸ್ವಲ್ಪ," ಎಂದರು ಟೀಚರ್. "ಮುಖ ಬಿಳಿಚ್ಕೊಂಡಿದೆ."

ಕೂತೆ. ಹೆಂಗಸರು ಎದ್ದರು. ಕುರ್ಚಿಯನ್ನು ನೋಡುತ್ತ, ಒಬ್ಬರನ್ನೊಬ್ಬರು ಮುಟ್ಟದೆ, ಹಿಂದಕ್ಕೆ ಸರಿಯತೊಡಗಿದರು. ವಾದ್ಯವಿಲ್ಲ, ಹಾಡಿಲ್ಲ. ಬಟ್ಟೆ ನೆಲಕ್ಕೆ ಉಜ್ಜುವ ಸದ್ದು ಮಾತ್ರ. ಆಗ ತಾನೆ ನನ್ನನ್ನು ಗೇಲಿ ಮಾಡಿದ ಹೆಂಗಸಿನ ಮುಖ ನೋಡಿ ನನಗೆ ನೋಡಬಾರದಿತ್ತು ಅನ್ನಿಸಿತು.

*

ನನ್ನನ್ನು ಇಲ್ಲಿಗೆ ಕಳಿಸಿದ್ದು ಅಲ್ಪವಿರಾಮ.

ಅದು ಅವಳ ಅಡ್ಡಹೆಸರು. ನಿಘಂಟು ಕಚೇರಿಯಲ್ಲಿ ಕರಡು ತಿದ್ದುವುದೆಂದರೆ ಇಬ್ಬರ ಕೆಲಸ. ಒಬ್ಬರು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಪೆನ್ಸಿಲ್ ಹಿಡಿದು ಹಿಂಬಾಲಿಸಬೇಕು. ಅವಳು ಓದುವವಳು, ಭಾವ ತಿದ್ದುವವರು. ಅಲ್ಪವಿರಾಮ, ಪೂರ್ಣವಿರಾಮ, ಆವರಣ ಚಿಹ್ನೆ, ಒಂದನ್ನೂ ಬಿಡದೆ ಬಾಯಿಬಿಟ್ಟು ಹೇಳಬೇಕು. ಮನೆಯಲ್ಲೂ ಅವಳಿಗೆ ಅದೇ ಚಾಳಿ. "ಅನ್ನ ಅಲ್ಪವಿರಾಮ ಸಾರು ಅಲ್ಪವಿರಾಮ ಬೇಗ ಬನ್ನಿ" ಎಂದು ಗಂಡನನ್ನು ಊಟಕ್ಕೆ ಕರೆಯುತ್ತಾಳೆಂದು ಕಚೇರಿಯವರು ಆಡಿಕೊಳ್ಳುತ್ತಾರೆ.

"ಅವತ್ತು ಏನಾದ್ರೂ ಬೇರೆ ಥರ ಇತ್ತಾ?" ಎಂದು ಅವಳನ್ನು ಕೇಳಿದ್ದೆ.

"ಏನಿಲ್ಲಪ್ಪ. ತ ಅಕ್ಷರ ಓದ್ತಿದ್ವಿ. ತೊದಲು ಆಯ್ತು. ಅದರ ಕೆಳಗೆ ತೊನಲಿ. ನಿನ್ನ ಭಾವ ದಾಟು ಅಂದ್ರು. ದಾಟಿದೆ."

"ದಾಟು ಅಂದ್ರೆ?"

ಅವಳು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆಮೇಲೆ, ದೊಡ್ಡವರೇ ಇಲ್ಲದ ಮೇಲೆ ಇನ್ನೇನು ಎಂಬಂತೆ ಹೇಳಿದಳು.

ಕಷ್ಟಪಟ್ಟು ಮಾಡಿದ ನಿಘಂಟನ್ನು ಬೇರೆ ಪ್ರಕಾಶಕರು ಹಾಗೇ ಕದ್ದು ಅಚ್ಚು ಹಾಕುವುದುಂಟು. ಹಾಗಾಗಿ ಪ್ರತಿ ಸಂಪುಟದಲ್ಲೂ ಒಂದು ಸುಳ್ಳು ಪದ ಸೇರಿಸುತ್ತಾರೆ. ಅದಕ್ಕೊಂದು ಅರ್ಥ, ಒಂದು ಪ್ರಯೋಗ, ಎಲ್ಲವನ್ನೂ ಹೊಸೆಯುತ್ತಾರೆ. ಕದ್ದವನ ಪುಸ್ತಕದಲ್ಲೂ ಆ ಪದ ಇದ್ದರೆ ಕಳ್ಳ ಸಿಕ್ಕಿಬಿದ್ದ. ಕಚೇರಿಯಲ್ಲಿ ಅದಕ್ಕೆ ಉರುಲು ಅನ್ನುತ್ತಾರೆ. ಯಾವುದು ಉರುಲೆಂದು ಗೊತ್ತಿರುವುದು ಇಬ್ಬರಿಗೆ ಮಾತ್ರ: ದೊಡ್ಡವರಿಗೆ, ಅದನ್ನು ಹೊಸೆದವರಿಗೆ. ದೊಡ್ಡವರು ಅಪ್ಪಣೆ ಕೊಡುವ ತನಕ ಹೊಸೆದವರು ಬಾಯಿ ಬಿಡುವ ಹಾಗಿಲ್ಲ. ಉರುಲನ್ನು ಗಟ್ಟಿಯಾಗಿ ಓದುವುದೂ ಇಲ್ಲ. ದಾಟು ಎಂದರೆ ಸುಮ್ಮನೆ ದಾಟಬೇಕು, ಓದುವವಳು ಊಹಿಸಿಕೊಂಡರೂ ಕೇಳುವ ಹಾಗಿಲ್ಲ.

"ಹೊಸ ಮುದ್ರಣ ಬಂದಾಗ ಹಳೇ ಉರುಲು ತೆಗೀಬೇಕು," ಎಂದಳು ಅಲ್ಪವಿರಾಮ. "ದೊಡ್ಡವರು ಯಾಕೋ ತೆಗೀದೆ ಹಾಗೇ ಉಳಿಸಿದ್ರು. ನಿನ್ನ ಭಾವ ಪೆನ್ಸಿಲ್ ಇಟ್ಟು ಎದ್ದು ಅವರ ಕೋಣೆಗೆ ಹೋದ್ರು. ಆಮೇಲೆ ಕೂಗಾಟ. ವಾಚ್‌ಮನ್ ಕೇಳಿಸ್ಕೊಂಡಿದ್ದು ಅದನ್ನೇ. ತೊನಲಿ ಕುಣಿಯೋದು ಕಲಿಸೋ ಟೀಚರ್ ಒಬ್ರಿದಾರೆ, ಅವರನ್ನ ಹೋಗಿ ನೋಡು."

ಆ ಕೂಗಾಟವೇ ಪೊಲೀಸರ ಪಾಲಿಗೆ ಎಲ್ಲ. ಜಗಳ ಯಾಕಾಯಿತು ಎಂದರೆ ಭಾವ "ಕಚೇರಿ ವಿಷಯ" ಎನ್ನುತ್ತಾರೆ. ಸಂಜೆ ಹೆಣ ನೋಡಿ ಎತ್ತಲು ಹೋದವರು ಅವರೇ, ರಕ್ತ ಮೆತ್ತಿದ್ದೂ ಅವರ ಅಂಗಿಗೇ. ಸೋಮವಾರ ಆರೋಪಪಟ್ಟಿ. "ಜಗತ್ತಿನ ಮಾತಿಗೆಲ್ಲ ಅರ್ಥ ಹೇಳೋ ಮನುಷ್ಯ," ಎನ್ನುತ್ತಾಳೆ ಅಕ್ಕ, "ತನ್ನ ಪಾಲಿಗೆ ಒಂದು ಮಾತು ಆಡೋಕೆ ಬರಲ್ಲ."

*

ಹೆಂಗಸರು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಟೀಚರ್ ಬಾಗಿಲು ಮುಂದಕ್ಕೆಳೆದರು.

"ಕಲಿಯೋಕೆ ಬಂದೋರು ನನ್ನ ಕಾಲು ನೋಡ್ತಾರೆ. ನೀವು ನೆಲ ನೋಡ್ತಿದ್ರಿ. ಪೊಲೀಸಾ?"

"ಆಗಿದ್ದೆ. ತೆಗೆದುಹಾಕಿದ್ರು."

"ಈಗ?"

"ಕರಡು ತಿದ್ದೋರ ಭಾವಮೈದ."

ಅವರು ಡಬ್ಬಿಗೆ ಮುಚ್ಚಳ ಹಾಕಿದರು. ಅರವತ್ತರ ಆಸುಪಾಸಿನ ಹೆಂಗಸು, ಬೆತ್ತದ ಹಾಗೆ ನೆಟ್ಟಗೆ.

"ದೊಡ್ಡವರು ಸತ್ತ ಸಂಜೆ ನೀವು ಆ ಮೆಟ್ಟಿಲ ಮೇಲಿದ್ರಿ."

"ಯಾರು ಹೇಳಿದ್ದು?"

"ಈ ಪುಡಿ."

"ಎಲ್ಲಿದೆ? ತೋರಿಸಿ."

ನನ್ನ ಬಳಿ ಏನೂ ಇರಲಿಲ್ಲ. "ಒರೆಸಿಬಿಟ್ಟಿದಾರೆ."

"ಮತ್ತೆ?" ಅವರು ನಕ್ಕರು. ಗೆದ್ದವರ ನಗೆಯಲ್ಲ.

"ತೊನಲಿ ಅನ್ನೋ ಕುಣಿತವೇ ಇರಲಿಲ್ಲ," ಎಂದೆ. "ಅದೊಂದು ಹೊಸೆದ ಪದ. ದೊಡ್ಡವರು ಆ ಸಂಜೆ ನಿಮ್ಮನ್ನ ಕರೆಸಿ ಅದನ್ನ ಹೇಳಿದ್ರು."

ಟೀಚರ್ ಆ ಕುರ್ಚಿಯ ಮೇಲೆ ಕೂತರು. ಯಾರೂ ಕೂರದ ಕುರ್ಚಿ ಅದು. ಬೀದಿಯಲ್ಲಿ ಯಾರೋ ಸೈಕಲ್ಲಿನ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದ ಸದ್ದು. ಅದು ನಿಂತ ಮೇಲೆ ಅವರು ಬಾಯಿಬಿಟ್ಟರು.

"ನನ್ನ ಮಗಳು ತೊದಲ್ತಿದ್ದಳು. ಕಾಗೆಗೆ ಆಗೆ ಅನ್ನೋಳು. ಆಸ್ಪತ್ರೆಗೆ ಸೇರಿಸಿದ್ವಿ. ಹೊರಗೆ ಕರ್ಕೊಂಡು ಬರ್ಲಿಲ್ಲ. ಆಮೇಲೆ ಒಂದಿನ ಲೈಬ್ರರಿಗೆ ಹೋದೆ. ಯಾಕೆ ಹೋದೆ ಅಂತ ಕೇಳ್ಬೇಡಿ. ಮನೇಲಿ ಇರೋಕಾಗ್ತಿರ್ಲಿಲ್ಲ. ನಿಘಂಟು ತೆಗೆದು ತೊದಲು ಅನ್ನೋ ಪದ ನೋಡಿದೆ. ಅವಳ ಬಗ್ಗೆ ಏನಾದ್ರೂ ಬರೆದಿರ್ತಾರೇನೋ ಅನ್ನೋ ಹಾಗೆ, ಹುಚ್ಚಿ. ಅದರ ಕೆಳಗೇ ಇತ್ತು."

ಅವರು ಕಣ್ಣು ಮುಚ್ಚಿ ಒಪ್ಪಿಸಿದರು:

"ತೊನಲಿ. ಹಿಂದಿನ ಕಾಲದ ಒಂದು ಕುಣಿತ. ಸತ್ತವರಿಗೆ ಬೆನ್ನು ತೋರಿಸಲಾರದ ಹೆಂಗಸರು ಪಾದ ಎತ್ತದೆ, ಅವರನ್ನು ನೋಡುತ್ತಲೇ ಬಾಗಿಲವರೆಗೆ ಹಿಂದಕ್ಕೆ ಸರಿಯುವುದು. ಪ್ರಯೋಗ: ಅವಳು ತೊನಲಿಯಾಡುತ್ತ ಹೊಸ್ತಿಲು ದಾಟಿದಳು, ಹೊಸ್ತಿಲಿಗೂ ತಿಳಿಯಲಿಲ್ಲ."

"ಅಷ್ಟೇ ಇಟ್ಕೊಂಡು..."

"ಅಷ್ಟೇ ಇಟ್ಕೊಂಡು. ಕುಣಿಯೋದು ನನಗೆ ಗೊತ್ತಿತ್ತು. ಉಳಿದಿದ್ದನ್ನ ಕಾಲು ಹುಡುಕಿಕೊಳ್ತು. ಮೊದಲು ನಾನೊಬ್ಬಳೇ ಆಡಿದೆ. ಆಮೇಲೆ ಪಕ್ಕದ ಮನೆಯವಳು ಬಂದಳು, ಅವಳ ಗಂಡ ಹೋಗಿದ್ದ. ಆಮೇಲೆ ಎಲ್ಲೆಲ್ಲಿಂದಲೋ ಬಂದ್ರು. ದೊಡ್ಡವರು ಪ್ರತಿ ವರ್ಷ ಮುಂದಿನ ಸಾಲಲ್ಲಿ ಕೂತು ನೋಡೋರು. ನೋಡಿ ಅಳೋರು. ನಾನು ಏನೋ ಅಂದ್ಕೊಂಡಿದ್ದೆ."

"ಅವರು ಯಾವತ್ತೂ ಹೇಳ್ಲಿಲ್ವಾ?"

"ಯಾವ ಬಾಯಲ್ಲಿ ಹೇಳ್ತಾರೆ? ನಿಮ್ಮ ಭಾವ ಬಂದು ಕೂಗಾಡಿದ ಮೇಲೆ ಹೇಳಿದ್ರು. ಇನ್ನು ಇಡೋಕಾಗಲ್ಲ ತಾಯಿ, ತೆಗೀತಿದೀವಿ ಅಂದ್ರು."

"ತಳ್ಳಿದ್ರಾ?"

ಅವರು ನನ್ನನ್ನೇ ನೋಡಿದರು.

"ಹೇಳಿದ್ದನ್ನ ಹೇಳಿ ಕೈ ಮುಗಿಯೋಕೆ ಬಗ್ಗಿದ್ರು. ಬೆನ್ನ ಹಿಂದೆ ಮೆಟ್ಟಿಲಿತ್ತು. ನಾನು ಕೈ ಚಾಚಿದೆ. ಹಿಡಿಯೋಕೆ ಚಾಚಿದ್ನೋ ಇನ್ನೊಂದಕ್ಕೋ, ದಿನಾ ಕೇಳ್ಕೋತೀನಿ. ಉತ್ತರ ಬಂದಿಲ್ಲ."

ನಾನು ಅಂದೆ, "ಪದ ಅಂದ್ರೆ ಜನ ಆಡೋದು ತಾನೆ? ಈಗಂತೂ ಎಲ್ಲರೂ ಆಡ್ತಿದಾರೆ. ಹೊಸ ಪದ ಅಂತ ಹಾಕಿಸಬಹುದು."

"ಆಡ್ತಾರೆ, ಹೌದು. 'ಅವಳ ತೊನಲಿ ಇನ್ನೂ ಮುಗಿದಿಲ್ಲ' ಅಂತಾರೆ, ದುಃಖ ಇಳಿದಿಲ್ಲ ಅನ್ನೋದಕ್ಕೆ. 'ನನ್ನ ಹತ್ರ ತೊನಲಿ ಆಡಬೇಡ' ಅಂತ ಗಂಡಂದಿರನ್ನ ಬೈತಾರೆ, ಹೋಗ್ತೀನಿ ಅಂತ ಹೇಳಿ ಬಾಗಿಲಲ್ಲೇ ನಿಂತಿರೋರನ್ನ." ಒಂದು ಕ್ಷಣ ಅವರ ಮುಖ ತಿಳಿಯಾಯಿತು. "ಆದ್ರೆ ಹೊಸದು ಯಾರಿಗೆ ಬೇಕು? ನನಗಿಂತ ಮುಂಚೆ ಯಾವಳೋ ಒಬ್ಬಳು ಹೀಗೆ ನಡೆದಿದ್ದಳು. ಅವಳಿಗೂ ಬೆನ್ನು ತಿರುಗಿಸೋಕಾಗ್ಲಿಲ್ಲ. ನಡೆದೂ ಬದುಕಿದಳು. ನನ್ನನ್ನ ಉಳಿಸಿದ್ದು ಅವಳೊಬ್ಬಳೇ ಕಣಪ್ಪ. ಈ ಹೆಂಗಸರಿಗೆಲ್ಲ ನಾನು ಕೊಟ್ಟಿದ್ದೂ ಅವಳನ್ನೇ. ಅವಳು ಇರಲೇ ಇಲ್ಲ ಅಂದ್ರೆ?"

ಅವರು ಎದ್ದರು. ಮುಂದಿನ ಮಾತು ವ್ಯಾಪಾರದ ಮಾತಿನ ಹಾಗೆ ಬಂತು.

"ನಾಳೆ ಬೆಳಿಗ್ಗೆ ಠಾಣೆಗೆ ಬರ್ತೀನಿ. ದೊಡ್ಡವರು ನನ್ನೆದುರೇ ಬಿದ್ದರು, ನಿಮ್ಮ ಭಾವ ಅಲ್ಲಿರ್ಲಿಲ್ಲ ಅಂತ ಬರ್ಕೊಡ್ತೀನಿ. ನನ್ನನ್ನ ಒಳಗೆ ಹಾಕಿದ್ರೂ ಹಾಕ್ಲಿ. ಅದಕ್ಕೆ ಬದಲು ನಿಮ್ಮ ಭಾವನಿಂದ ಒಂದು ಸಾಲು ಬೇಕು. ದೊಡ್ಡವರು ಹೋದ ಮೇಲೆ ಆ ಸಂಪುಟ ಅಚ್ಚಿಗೆ ಹೋಗೋದು ಅವರ ಮಾತಿನ ಮೇಲೇ ಅಂತೆ. ತೊನಲಿ ಹಳೇ ಪದ, ನಿಜವಾದ ಪದ, ತೆಗೆಯೋ ಹಾಗಿಲ್ಲ. ಇಷ್ಟು ಬರೆದು ಸಹಿ ಹಾಕ್ಲಿ."

"ಇಲ್ದಿದ್ರೆ?"

"ನಾನು ಆ ಮೆಟ್ಟಿಲನ್ನೇ ನೋಡಿಲ್ಲ."

*

ಭೇಟಿಯ ಕೋಣೆಯಲ್ಲಿ ಉದ್ದನೆಯ ಕಟ್ಟೆ, ಅದರ ಮೇಲೆ ಜಾಲರಿ, ಜಾಲರಿಯ ಕೆಳಗೆ ಕೈ ತೂರುವಷ್ಟು ಸಂದು. ಕಾವಲಿನವನು ಪತ್ರಿಕೆ ಮಡಚಿ ತೊಡೆಯ ಮೇಲಿಟ್ಟುಕೊಂಡು ಪದಬಂಧ ತುಂಬುತ್ತಿದ್ದ.

"ಸಾರ್, ಮೇಲಿಂದ ಕೆಳಕ್ಕೆ, ಮೂರಕ್ಷರ, 'ಬಿಡುಗಡೆ ಇಲ್ಲದ್ದು'."

"ಬಂಧನ," ಎಂದರು ಭಾವ, ಅವನ ಕಡೆ ನೋಡದೆಯೇ.

"ಸರಿ ಹೋಯ್ತು ಸಾರ್! ನೀವು ಇಲ್ಲೇ ಇದ್ರೆ ನನಗೆ ಬಹುಮಾನ ಗ್ಯಾರಂಟಿ."

"ನಿನ್ನ ಬಾಯಿಗೆ ಮಣ್ಣು ಹಾಕ," ಎಂದಳು ಅಕ್ಕ.

ಭಾವನ ಗಡ್ಡ ಬೆಳೆದಿತ್ತು. ಬೆರಳಿನ ಮೇಲಿನ ಪೆನ್ಸಿಲ್ ಗುರುತು ಮಾತ್ರ ಹಾಗೇ ಇತ್ತು. ಅಕ್ಕ ಅವರನ್ನು ನೋಡಿ ಬೈಯಲು ಶುರುಮಾಡಿದಳು. ಊಟ ಮಾಡ್ತಿಲ್ವಂತೆ, ಅಂಗಿ ಯಾಕೆ ಹೀಗಿದೆ, ಕನ್ನಡಕದ ಕಾಲು ಮುರ್ಕೊಂಡ್ರಾ. ಬೈಗುಳ ಮುಗಿಯುವವರೆಗೆ ನಾನು ಕಾದೆ. ಆಮೇಲೆ ಎಲ್ಲವನ್ನೂ ಹೇಳಿದೆ. ಉರುಲು, ದಾಟು, ಬಿಳಿ ಪುಡಿ, ಟೀಚರ್, ಅವರು ಕೇಳಿದ ಒಂದು ಸಾಲು.

ಭಾವ ತಲೆ ತಗ್ಗಿಸಿದರು. "ಅಲ್ಪವಿರಾಮ ಬಾಯಿಬಿಟ್ಟಳು ಅನ್ನು."

"ನೀವು ಬಿಟ್ಟಿದ್ರೆ ಅವಳು ಬಿಡಬೇಕಾಗಿರ್ಲಿಲ್ಲ. ಈಗಲೂ ಒಂದು ದಾರಿ ಇದೆ. ಅದು ಉರುಲು ಅಂತ ನೀವೇ ಪೊಲೀಸರಿಗೆ ಹೇಳಿ. ಜಗಳ ಯಾಕೆ ಅಂತ ಗೊತ್ತಾಗುತ್ತೆ. ಟೀಚರ್‌ಗೂ ಕಾರಣ ಇತ್ತು ಅಂತ ಗೊತ್ತಾಗುತ್ತೆ."

"ಅಪ್ಪಣೆ ಕೊಡೋರು ಸತ್ತುಹೋದ್ರಲ್ಲ."

"ಭಾವ, ನೇಣಿಗೆ ಹಾಕೋ ವಿಷಯ ಇದು!"

"ಗೊತ್ತು." ಅವರ ದನಿ ಏರಲಿಲ್ಲ. "ಅಪ್ಪಣೆ ಹಾಗಿರ್ಲಿ. ಪದ ತೆಗೀಬೇಕು ಅಂದಿದ್ದೆ ನಿಜ. ಸದ್ದಿಲ್ಲದೆ ತೆಗೀಬೇಕು ಅಂದಿದ್ದೆ. ಕೋರ್ಟಲ್ಲಿ ಹೇಳಿದ್ರೆ ನಾಳೆ ಪೇಪರಲ್ಲಿ ಬರುತ್ತೆ. ಆ ಹೆಂಗಸರು ಓದ್ತಾರೆ. ಅವರನ್ನ ನೋಡಿದೀಯಲ್ಲ ನೀನು?"

ನೋಡಿದ್ದೆ.

ಅಕ್ಕ ಇದೆಲ್ಲದರ ನಡುವೆ ಬೇರೆಯೇ ಎಲ್ಲೋ ಇದ್ದಳು. ಗಂಡ ಮಾಡಿದ ನಿಘಂಟನ್ನು ಅವಳು ಒಂದು ದಿನವೂ ತೆರೆದವಳಲ್ಲ. ಅಷ್ಟು ದಪ್ಪ ಪುಸ್ತಕ, ಓದೋಕೂ ಆಗಲ್ಲ, ತಲೆದಿಂಬಿಗೂ ಆಗಲ್ಲ ಎನ್ನುತ್ತಿದ್ದಳು.

"ಇನ್ನೊಂದ್ಸಲ ಹೇಳು," ಎಂದಳು ನನಗೆ. "ಆ ಪದಕ್ಕೆ ಏನು ಬರೆದಿದೆ ಅಂದೆ?"

ಹೇಳಿದೆ. ಬೆನ್ನು ತೋರಿಸಲಾರದ ಹೆಂಗಸರು. ಪಾದ ಎತ್ತದೆ. ನೋಡುತ್ತಲೇ. ಬಾಗಿಲವರೆಗೆ.

ಅವಳು ಜಾಲರಿಗೆ ಮುಖ ಹತ್ತಿರ ತಂದಳು.

"ರೀ. ಇದು ನಾನಲ್ವಾ?"

ಭಾವ ಬೆರಳಿನ ಮೇಲಿನ ಪೆನ್ಸಿಲ್ ಗುರುತನ್ನು ಉಜ್ಜಿದರು.

"ಆ ಆಸ್ಪತ್ರೆ ಕೋಣೆ," ಎಂದಳು. ನನಗೆ ಹೇಳುತ್ತಿದ್ದಳೋ, ತನಗೇ ಹೇಳಿಕೊಳ್ಳುತ್ತಿದ್ದಳೋ. "ನೀನಿನ್ನೂ ಸ್ಕೂಲಿಗೆ ಹೋಗ್ತಿದ್ದೆ, ನಿನಗೆ ಯಾರೂ ಹೇಳ್ಲಿಲ್ಲ. ಒಂದು ಮಗು ಆಗಿತ್ತು ನಮಗೆ. ಸಂಜೆವರೆಗೂ ಇರ್ಲಿಲ್ಲ. ಸಾಕು ಹೊರಡಮ್ಮ ಅಂದ್ಳು ನರ್ಸು. ತಿರುಗೋಕಾಗ್ಲಿಲ್ಲ ನನಗೆ. ಕಾಲು ಎತ್ತಿದ್ರೆ ಸದ್ದಾಗುತ್ತೆ, ಎದ್ದುಬಿಡುತ್ತೆ ಅನ್ನಿಸ್ತಿತ್ತು. ಎಳ್ಕೊಂಡು ಎಳ್ಕೊಂಡು ಹಿಂದೆ ಬಂದೆ. ಬಾಗಿಲಲ್ಲಿ ಇವರು ನಿಂತಿದ್ರು. ಬೇರೆ ಯಾರೂ ನೋಡ್ಲಿಲ್ಲ."

ಕಾವಲಿನವನ ಪೆನ್ನು ನಿಂತಿತ್ತು.

"ಉರುಲಿಗೊಂದು ಅರ್ಥ ಹೊಸಿ ಅಂದ್ರು ದೊಡ್ಡವರು," ಎಂದರು ಭಾವ ಕೊನೆಗೆ. "ಯಾವ ಪುಸ್ತಕದಲ್ಲೂ ಇಲ್ಲದ್ದಾಗಿರ್ಬೇಕು ಅಂದ್ರು. ನನ್ನ ತಲೇಲಿ ಆಗ ಇದ್ದದ್ದು ಅದೊಂದೇ. ಬರೆದುಕೊಟ್ಟೆ. ಚೆನ್ನಾಗಿದೆ ಅಂದ್ರು." ಅವರು ಕನ್ನಡಕ ತೆಗೆದರು. "ಕಳ್ಳರನ್ನ ಹಿಡಿಯೋಕೆ ನಿನ್ನ ಸಂಕಟಾನ ಗಾಳಕ್ಕೆ ಚುಚ್ಚಿಬಿಟ್ಟೆ ಕಣೇ. ಆ ಹೆಂಗಸು ಮೊದಲ ಸಲ ವೇದಿಕೆ ಮೇಲೆ ಅದನ್ನ ಆಡಿದಾಗ ನಾನು ಅರ್ಧಕ್ಕೇ ಎದ್ದು ಬಂದೆ. ಅವತ್ತಿಂದ ತೆಗೆಸೋಕೆ ಕಾಯ್ತಿದ್ದೆ."

ಅಕ್ಕ ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಮೂಗು ಒರೆಸಿಕೊಂಡು ನನ್ನ ಜೇಬಿನಿಂದ ಪೆನ್ನು ಕಿತ್ತಳು, ನಾನು ತಂದಿದ್ದ ಬಿಳಿ ಹಾಳೆಯನ್ನೂ ಎಳೆದುಕೊಂಡಳು.

"ಹಾಗಾದ್ರೆ ಸುಳ್ಳೇನೂ ಅಲ್ವಲ್ಲ. ಆ ಟೀಚರ್‌ಗೆ ಅವಳಿಗಿಂತ ಮುಂಚೆ ನಡೆದೋಳು ಒಬ್ಬಳು ಬೇಕು ತಾನೆ? ಇಲ್ಲೇ ಕೂತಿದೀನಿ. ಬರೀರಿ."

"ಹಿಂದಿನ ಕಾಲದ್ದು ಅಂತ ಬರೀಬೇಕಂತೆ," ಎಂದರು ಭಾವ.

"ನನಗೇನು ಹದಿನೆಂಟಾ ಈಗ? ಹಿಂದಿನ ಕಾಲದ್ದೇ."

ಭಾವ ನಕ್ಕರು. ಒಳಗೆ ಹೋದಮೇಲೆ ಮೊದಲ ಸಲ ನಕ್ಕರು. ಆ ನಗು ನೋಡಿ ನನಗೆ ಜೀವ ಬಂದ ಹಾಗಾಯಿತು. ಬರೆಯುತ್ತಾರೆ. ನಾಳೆ ಟೀಚರ್ ಠಾಣೆಗೆ ಬರುತ್ತಾರೆ. ಸೋಮವಾರದೊಳಗೆ ಇವರು ಮನೆಯಲ್ಲಿರುತ್ತಾರೆ.

ಅಕ್ಕ ಹಾಳೆಯನ್ನು ಸಂದಿನೊಳಗೆ ತೂರಿಸಿದಳು. ಪೆನ್ನನ್ನೂ.

"ಮನೆಗೆ ಬನ್ನಿ," ಎಂದಳು. ಇಷ್ಟು ಹೊತ್ತಿನ ಬೈಗುಳದ ದನಿ ಎಲ್ಲೋ ಕರಗಿಹೋಗಿತ್ತು. "ಒಂದು ಸಾಲು. ನನಗೋಸ್ಕರ. ನನ್ನದು ತಾನೇ ಅದು? ನಾನೇ ಕೊಡ್ತಿದೀನಿ. ಆ ಹೆಂಗಸಿಗೂ ಕೊಡ್ತಿದೀನಿ. ನನ್ನ ಕೈಲಿ ಇನ್ನೊಂದ್ಸಲ ಬಾಗಿಲವರೆಗೆ ಹಿಂದೆ ಹಿಂದೆ ಹೋಗೋಕಾಗಲ್ಲ ರೀ."

ಭಾವ ಹಾಳೆಯ ಮೇಲೆ ಕೈಯಿಟ್ಟರು. ಅಂಚುಗಳನ್ನು ನೇರ ಮಾಡಿದರು, ಮೇಜಿನ ಮೇಲೆ ಕರಡು ಬಂದಾಗ ಮಾಡುವಂತೆ. ಅದರ ಮೇಲೆ ಪೆನ್ನನ್ನು ಅಡ್ಡಲಾಗಿ ಇಟ್ಟರು. ಆಮೇಲೆ ಎರಡನ್ನೂ ಸಂದಿನಿಂದ ಈಚೆಗೆ ತಳ್ಳಿದರು.

"ನಿನ್ನ ಸಂಕಟಾನ ಇನ್ನೊಂದ್ಸಲ ಗಾಳಕ್ಕೆ ಚುಚ್ಚಲ್ಲ ಕಣೇ. ಬರೆಯಲ್ಲ," ಎಂದರು.